ಹುಲಿಗಳ ಕೊಳದಲ್ಲಿ ಒಂದು ಹನಿ ನೀರು

ಈ ವರ್ಷದ ಶಾಲಾ ಪ್ರವಾಸ ಪಿಲಿಕುಳಕ್ಕೆ ಎಂದು ತೀರ್ಮಾನವಾದ ದಿನವೇ ಆರನೇ ತರಗತಿಯ ಹುಡುಗನೊಬ್ಬ ನನ್ನ ಮೇಜಿನ ಬಳಿ ಬಂದು, "ಟೀಚರ್, ಅಲ್ಲಿ ಹುಲಿ ಎಷ್ಟು ಹತ್ತಿರ ಬರ್ತದೆ?" ಎಂದು ಕೇಳಿದ. ಪಿಲಿಕುಳ ಎಂಬ ಹೆಸರೇ ಹಾಗಿದೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಹಿಂದೆ ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವಂತೆ. ಈಗ ಅಲ್ಲಿ ಹುಲಿಗಳು ಮೃಗಾಲಯದ ಬೇಲಿಯೊಳಗಿವೆ. ಕೊಳ ಮಾತ್ರ ತನ್ನ ಜಾಗದಲ್ಲೇ ಇದೆ.

ಮಕ್ಕಳಿಗೆ ಹುಲಿ ತೋರಿಸುವ ಆಸೆ ನನಗೂ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಆ ಕೊಳದ ನೀರನ್ನು ತೋರಿಸಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಏಳನೇ ತರಗತಿಯ ಮಕ್ಕಳು ಅಮೀಬಾ, ಪ್ಯಾರಮೀಸಿಯಮ್, ಯೂಗ್ಲೀನಾ ಎಂದು ಬಾಯಿಪಾಠ ಮಾಡುತ್ತಾರೆ, ಚಿತ್ರ ಬರೆದು ಅಂಕ ಪಡೆಯುತ್ತಾರೆ. ಅವು ತಮ್ಮ ಮನೆಯ ಹಿಂದಿನ ತೋಡಿನಲ್ಲೇ ಬದುಕಿವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ನಾನೂ ಶಾಲೆಯಲ್ಲಿ ಹಾಗೆಯೇ ಕಲಿತವಳು. ಅರಬಿ ಕಾಲೇಜು ಮುಗಿಸಿ, ಮನೆಯಲ್ಲೇ ಓದಿ ಬಿ.ಎ. ಕಟ್ಟಿದವಳು. ವಿಜ್ಞಾನದ ಪ್ರಯೋಗಾಲಯದ ಬಾಗಿಲು ದಾಟಿದ್ದು ಶಿಕ್ಷಕಿಯಾದ ಮೇಲೆಯೇ.

ಉಮ್ಮಂದಿರ ಭಯ

ಒಪ್ಪಿಗೆ ಪತ್ರ ತರಲು ಹೇಳಿದ ಮರುದಿನ ಒಬ್ಬ ತಾಯಿ ಶಾಲೆಗೆ ಬಂದರು. ಪತ್ರಕ್ಕೆ ಸಹಿ ಹಾಕಿರಲಿಲ್ಲ.

"ಟೀಚರೇ, ಹುಲಿ ತೋರಿಸಿ, ಸಿಂಹ ತೋರಿಸಿ, ತೊಂದರೆ ಇಲ್ಲ. ನೀರಿನ ಹತ್ತಿರ ಮಾತ್ರ ನನ್ನ ಮಗಳನ್ನು ಬಿಡಬೇಡಿ. ಕೇರಳದಲ್ಲಿ ಆದದ್ದು ಪೇಪರಿನಲ್ಲಿ ನೋಡಲಿಲ್ವಾ?"

ನೋಡಿದ್ದೆ. 2024 ಮತ್ತು 2025ರಲ್ಲಿ ಕೇರಳದ ಕೋಯಿಕ್ಕೋಡ್, ಮಲಪ್ಪುರಂ ಕಡೆಯಿಂದ 'ಮಿದುಳು ತಿನ್ನುವ ಅಮೀಬಾ' ಎಂಬ ಸುದ್ದಿ ಮತ್ತೆ ಮತ್ತೆ ಬಂದಿತ್ತು. ಸತ್ತವರಲ್ಲಿ ಮಕ್ಕಳಿದ್ದರು. ಗಡಿಯಾಚೆಯ ಆ ಊರುಗಳಲ್ಲಿ ನಮ್ಮ ನೆಂಟರಿದ್ದಾರೆ, ಅಲ್ಲಿನ ಕೊಳಗಳೂ ನಮ್ಮ ಕೊಳಗಳಂತೆಯೇ ಇವೆ. ಆ ತಾಯಿಯ ಭಯವನ್ನು ನಗೆಯಾಡಿ ತಳ್ಳಿಬಿಡುವಂತಿರಲಿಲ್ಲ.

ನನಗೂ ನೀರಿನ ಬಗ್ಗೆ ಒಂದು ಹಳೆಯ ನೋವಿದೆ. ನನಗೆ ಒಂಬತ್ತು ವರ್ಷವಾಗಿದ್ದಾಗ, ಒಂದು ಮಳೆಗಾಲದಲ್ಲಿ, ಎರಡು ವರ್ಷದ ತಮ್ಮನಿಗೆ ವಾಂತಿ ಭೇದಿ ಹಿಡಿಯಿತು. ಎರಡನೇ ದಿನ ಅಸರ್ ಹೊತ್ತಿಗೆ ಅವನು ತೀರಿಹೋದ. ನಮ್ಮ ಬಾವಿಯ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಹಾಗಾಗಿ ಯಾರೂ ನೀರನ್ನು ಸಂಶಯಿಸಲಿಲ್ಲ. ಉಮ್ಮ ಕೊನೆಯವರೆಗೂ ಯಾರದೋ ಕಣ್ಣು ತಾಗಿತು ಎಂದೇ ನಂಬಿದ್ದರು. ಇಡೀ ಮನೆಯಲ್ಲಿ ಯಾರಿಗೂ ನೀರಿನೊಳಗೆ ಕಾಣದ ಜೀವಿಗಳಿರುತ್ತವೆ ಎಂಬುದು ಗೊತ್ತಿರಲಿಲ್ಲ.

ಆ ತಾಯಿಗೆ ನಾನು ಇಷ್ಟೇ ಹೇಳಿದೆ: "ಯಾರೂ ನೀರಿಗಿಳಿಯುವುದಿಲ್ಲ. ದಡದಿಂದ ಬಾಟಲಿಯಲ್ಲಿ ನೀರು ತೆಗೆಯುವುದು ನಾನು. ಮಗಳು ನೋಡಿ ಮಾತ್ರ ಬರಲಿ." ಅವರು ಸ್ವಲ್ಪ ಹೊತ್ತು ಯೋಚಿಸಿ ಸಹಿ ಹಾಕಿದರು.

ಕಾಗದದ ಸೂಕ್ಷ್ಮದರ್ಶಕ

ನಮ್ಮದು ಸಣ್ಣ ಶಾಲೆ. ಒಂದು ಹಳೆಯ ಸೂಕ್ಷ್ಮದರ್ಶಕವಿದೆ, ಅದನ್ನು ಬಸ್ಸಿನಲ್ಲಿ ಕೊಂಡೊಯ್ಯುವಂತಿಲ್ಲ. ಆದ್ದರಿಂದ ಫೋಲ್ಡ್‌ಸ್ಕೋಪ್ ತರಿಸಿದ್ದೆವು. ಇದು ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ. ಉತ್ತರ ಪ್ರದೇಶದ ಮೀರತ್‌ನಲ್ಲಿ ಹುಟ್ಟಿ ಈಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ರೂಪಿಸಿದ ಇದು 2014ರಲ್ಲಿ ಜಗತ್ತಿಗೆ ಪರಿಚಯವಾಯಿತು. ಪುಟ್ಟದೊಂದು ಮಸೂರ ಅದರಲ್ಲಿದ್ದು, ವಸ್ತುವನ್ನು ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಬಡ ಊರಿನ ಮಗುವಿನ ಕೈಗೂ ಸೂಕ್ಷ್ಮದರ್ಶಕ ಸಿಗಬೇಕು ಎಂಬುದೇ ಅದರ ಉದ್ದೇಶ. ಹಿಂದಿನ ದಿನ ಮಕ್ಕಳೇ ಅದನ್ನು ಮಡಚಿ ಜೋಡಿಸಿದರು.

ಬಸ್ಸಿನಲ್ಲಿ ಕುಳಿತಾಗ ಅವರಿಗೆ ಒಬ್ಬ ಬಟ್ಟೆ ವ್ಯಾಪಾರಿಯ ಕಥೆ ಹೇಳಿದೆ. ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನ ಆಂಟನಿ ವಾನ್ ಲೇವನ್‌ಹುಕ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ತನ್ನ ಕೈಯಾರೆ ಗಾಜು ಉಜ್ಜಿ ಸಣ್ಣ ಮಸೂರಗಳನ್ನು ಮಾಡುವುದು ಅವನಿಗೆ ಗೀಳು. 1674ರಲ್ಲಿ ಊರ ಹತ್ತಿರದ ಕೆರೆಯೊಂದರ ಹಸಿರಾದ ನೀರನ್ನು ತಂದು ನೋಡಿದಾಗ ಅದರೊಳಗೆ ಓಡಾಡುವ ಪುಟ್ಟ ಜೀವಿಗಳು ಕಂಡವು. ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಮುಂದೆ ಇನ್ನೂ ಚಿಕ್ಕ ಜೀವಿಗಳ ಬಗ್ಗೆ ಬರೆದಾಗ ಅಲ್ಲಿನ ವಿದ್ವಾಂಸರು ಸಂಶಯಪಟ್ಟರು. ತಾವೇ ನೋಡಿದ ಮೇಲೆ ಒಪ್ಪಿಕೊಂಡರು.

"ಅವನೂ ಕೆರೆಯ ನೀರೇ ನೋಡಿದ್ದಾ ಟೀಚರ್?" ಎಂದು ಒಬ್ಬಳು ಕೇಳಿದಳು. ನಮ್ಮ ಪ್ರಯಾಣಕ್ಕೆ ಅದೇ ಮುನ್ನುಡಿಯಾಯಿತು.

ಕೊಳದ ದಡದಲ್ಲಿ

ಪಿಲಿಕುಳ ಮಂಗಳೂರು ಪೇಟೆಯಿಂದ ಮೂಡುಬಿದಿರೆ ರಸ್ತೆಯಲ್ಲಿ ವಾಮಂಜೂರು ದಾಟಿದರೆ ಸಿಗುತ್ತದೆ. ಮೂಡುಶೆಡ್ಡೆ ಗ್ರಾಮದ ಗುಡ್ಡಗಳ ಮೇಲೆ, ಗುರುಪುರ ಹೊಳೆಗೆ ಹತ್ತಿರದಲ್ಲಿ ಹರಡಿಕೊಂಡಿರುವ ಈ ನಿಸರ್ಗಧಾಮಕ್ಕೆ ಡಾ. ಶಿವರಾಮ ಕಾರಂತರ ಹೆಸರಿಟ್ಟಿದ್ದಾರೆ. ಅದು ಸರಿಯಾದ ಹೆಸರೇ. ಕನ್ನಡದ ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಬರೆದವರು ಅವರು. ಇಲ್ಲಿ ಮೃಗಾಲಯವಿದೆ, ತುಳುನಾಡಿನ ಗುತ್ತಿನ ಮನೆಯಿದೆ, ಕುಂಬಾರರು ಕಮ್ಮಾರರು ಕೆಲಸ ಮಾಡುವ ಕುಶಲಕರ್ಮಿಗಳ ಗ್ರಾಮವಿದೆ, ವಿಜ್ಞಾನ ಕೇಂದ್ರವಿದೆ, 2018ರಲ್ಲಿ ಆರಂಭವಾದ ತಾರಾಲಯವಿದೆ.

ಹುಲಿಯನ್ನು ನೋಡಿದ್ದಾಯಿತು. ಅದು ನಮ್ಮ ಕಡೆ ಬೆನ್ನು ಹಾಕಿ ಮಲಗಿತ್ತು. ಮಕ್ಕಳು ಎಷ್ಟು ಕರೆದರೂ ಏಳಲಿಲ್ಲ. "ಫ್ರೈಡೇ ರಜೆ ಇರ್ಬೇಕು" ಎಂದು ಒಬ್ಬ ಹೇಳಿದಾಗ ಎಲ್ಲರೂ ನಕ್ಕರು.

ಕೊಳದ ಬಳಿ ಬಂದಾಗ ಬಿಸಿಲು ಏರಿತ್ತು. ದೋಣಿಗಳು ದಡಕ್ಕೆ ಕಟ್ಟಿದ್ದವು. ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಅಲ್ಲಿದ್ದ ಸಿಬ್ಬಂದಿಯಲ್ಲಿ ಅನುಮತಿ ಕೇಳಿ, ಉದ್ದ ಕೋಲಿಗೆ ಕಟ್ಟಿದ ಬಾಟಲಿಯಿಂದ ಎರಡು ಕಡೆ ನೀರು ತೆಗೆದೆ. ಒಂದು ತೆರೆದ ನೀರು. ಇನ್ನೊಂದು ದಡದಲ್ಲಿ ಎಲೆ ಕೊಳೆತು ಬಿದ್ದಿದ್ದ ಕಡೆಯದು. ಮೂರನೆಯ ಬಾಟಲಿಯಲ್ಲಿ ನಮ್ಮ ಶಾಲೆಯ ನಲ್ಲಿ ನೀರನ್ನು ಮನೆಯಿಂದ ಹೊರಡುವಾಗಲೇ ತುಂಬಿಸಿಕೊಂಡಿದ್ದೆ.

ಮರದ ನೆರಳಿನಲ್ಲಿ ಚಾಪೆ ಹಾಸಿ ಕುಳಿತೆವು. ಬಾಟಲಿಯನ್ನು ಬೆಳಕಿಗೆ ಹಿಡಿದಾಗಲೇ ಕೆಲವು ಚುಕ್ಕೆಗಳು ಕುಪ್ಪಳಿಸುವುದು ಬರಿಗಣ್ಣಿಗೆ ಕಂಡಿತು. ಭೂತಗನ್ನಡಿ ಹಿಡಿದು ನೋಡಿದರೆ ಅವು ಡ್ಯಾಫ್ನಿಯಾ, ಅಂದರೆ ನೀರುಚಿಗಟಗಳು. ಮೈ ಗಾಜಿನಂತೆ ಪಾರದರ್ಶಕ. ಜೊತೆಗೆ ಒಂದೇ ಕಣ್ಣಿನ ಸೈಕ್ಲೋಪ್ಸ್. ಅದರ ಬಾಲದ ಎರಡೂ ಬದಿಗಳಲ್ಲಿ ಮೊಟ್ಟೆಯ ಚೀಲಗಳು ತೂಗುತ್ತಿದ್ದವು.

ಕೊಳೆತ ಎಲೆಯ ಬಳಿಯ ನೀರಿನ ಒಂದು ಹನಿಯನ್ನು ಫೋಲ್ಡ್‌ಸ್ಕೋಪಿಗೆ ಇಟ್ಟೆವು. ಮೊದಲು ನೋಡಿದ ಹುಡುಗ, "ಏನೂ ಇಲ್ಲ" ಎಂದ. ಆಮೇಲೆ ಮೌನವಾದ. ಆಮೇಲೆ, "ಟೀಚರ್, ಒಂದು ಚಪ್ಪಲಿ ಓಡ್ತಾ ಉಂಟು!" ಎಂದು ಕೂಗಿದ. ಪ್ಯಾರಮೀಸಿಯಮ್! ಪಠ್ಯಪುಸ್ತಕದಲ್ಲಿ ಚಪ್ಪಲಿಯ ಆಕಾರ ಎಂದು ಬರೆದಿದ್ದನ್ನು ಅವನು ಮೊದಲ ಬಾರಿಗೆ ಕಣ್ಣಾರೆ ಕಂಡ. ಮೈ ಸುತ್ತ ಇರುವ ಸಾವಿರಾರು ಸಣ್ಣ ರೋಮಗಳನ್ನು ಹುಟ್ಟು ಹಾಕಿದಂತೆ ಬೀಸಿ ಅದು ಈಜುತ್ತದೆ. ಹಸಿರು ಯೂಗ್ಲೀನಾಗಳಿದ್ದವು. ಅವು ಗಿಡದಂತೆ ಬಿಸಿಲಿನಲ್ಲಿ ಆಹಾರ ತಯಾರಿಸುತ್ತವೆ, ಬೆಳಕು ಸಿಗದಿದ್ದರೆ ಸುತ್ತಲಿನಿಂದ ಆಹಾರ ಹೀರಿಕೊಳ್ಳುತ್ತವೆ. ತಲೆಯ ಮೇಲೆ ಎರಡು ಚಕ್ರ ತಿರುಗಿದಂತೆ ಕಾಣುವ ರೋಟಿಫರ್ ಒಂದು ಎಲೆಯ ಚೂರಿಗೆ ಅಂಟಿಕೊಂಡು ನೀರನ್ನು ಸುಳಿಯಾಗಿ ಬಾಯಿಗೆಳೆಯುತ್ತಿತ್ತು.

ಸಹಿ ಹಾಕಲು ಹಿಂಜರಿದಿದ್ದ ತಾಯಿಯ ಮಗಳು ಎಲ್ಲರ ಹಿಂದೆ ನಿಂತಿದ್ದಳು. ಹತ್ತಿರ ಬರಲೇ ಇಲ್ಲ. ಕೊನೆಗೆ ಸದ್ದಿಲ್ಲದೆ ಬಂದು, "ಟೀಚರ್, ಮಿದುಳು ತಿನ್ನುವುದು ಇದರಲ್ಲಿ ಉಂಟಾ?" ಎಂದು ಕೇಳಿದಳು. ಎಲ್ಲ ಮಕ್ಕಳೂ ಬಾಟಲಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

ಮಕ್ಕಳಿಗೆ ಹೇಳಿದ್ದು

ಆ ಪ್ರಶ್ನೆಗೆ ಸುಳ್ಳು ಸಮಾಧಾನ ಹೇಳಬಾರದೆಂದು ನಿರ್ಧರಿಸಿದೆ.

ಆ ಅಮೀಬಾದ ಹೆಸರು ನೇಗ್ಲೇರಿಯಾ ಫೌಲೇರಿ. ಬೆಚ್ಚಗಿನ ಸಿಹಿನೀರಿನಲ್ಲೂ ಕೆಸರಿನಲ್ಲೂ ಅದು ಬದುಕುತ್ತದೆ. ಅಲ್ಲಿ ಅದರ ಆಹಾರ ಬ್ಯಾಕ್ಟೀರಿಯಾ. ಮನುಷ್ಯನನ್ನು ಹುಡುಕಿಕೊಂಡು ಬರುವುದಿಲ್ಲ. ಆ ನೀರು ಹೊಟ್ಟೆಗೆ ಹೋದರೂ ಈ ರೋಗ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ನೀರು ರಭಸದಿಂದ ಮೂಗಿನ ಆಳಕ್ಕೆ ನುಗ್ಗಿದಾಗ ಮಾತ್ರ ಅದು ಮೂಗಿನ ನರದ ದಾರಿಯಾಗಿ ಮಿದುಳನ್ನು ತಲುಪಬಹುದು. ಅದು ತೀರಾ ಅಪರೂಪ, ಆದರೆ ಬಂದರೆ ಬಹಳ ಅಪಾಯಕಾರಿ. ಬೇಗ ಪತ್ತೆಯಾದ ಕಾರಣ ಬದುಕಿ ಉಳಿದವರೂ ಕೇರಳದಲ್ಲಿದ್ದಾರೆ. ಆದ್ದರಿಂದ ನಿಂತ ನೀರಿಗೆ ಧುಮುಕಬಾರದು, ಮುಳುಗು ಹಾಕಬಾರದು. ಕೊಳದಲ್ಲಿ ಆಡಿ ಬಂದ ಕೆಲವು ದಿನಗಳಲ್ಲಿ ತೀವ್ರ ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ, ಕೊಳದ ವಿಷಯವನ್ನು ಮರೆಯದೆ ಹೇಳಬೇಕು.

"ಹಾಗಾದ್ರೆ ವುಝೂ ಮಾಡುವಾಗ ಮೂಗಿಗೆ ನೀರು ಹಾಕ್ತೇವಲ್ಲ?" ಎಂದು ಇನ್ನೊಬ್ಬ ಹುಡುಗ ಕೇಳಿದ. ಜಾಣ ಪ್ರಶ್ನೆ. ಪಾಕಿಸ್ತಾನದ ಕರಾಚಿಯಲ್ಲಿ 2008-09ರಲ್ಲಿ ಈ ರೋಗ ಬಂದವರಲ್ಲಿ ಹೆಚ್ಚಿನವರು ಈಜಿದವರೇ ಆಗಿರಲಿಲ್ಲ. ಸರಿಯಾಗಿ ಕ್ಲೋರಿನ್ ಹಾಕದ ನಲ್ಲಿ ನೀರು ಮೂಗಿಗೆ ಹೋದದ್ದೇ ಕಾರಣವಿರಬೇಕೆಂದು ವೈದ್ಯರು ಸಂಶಯಿಸಿದರು. ಅದಕ್ಕಾಗಿ ವುಝೂ ಬಿಡಬೇಕಿಲ್ಲ. ಟ್ಯಾಂಕನ್ನು ಆಗಾಗ ಖಾಲಿ ಮಾಡಿ ತಿಕ್ಕಿ ತೊಳೆದು ಕ್ಲೋರಿನ್ ಹಾಕಬೇಕು. ನೀರಿನ ಬಗ್ಗೆ ಸಂಶಯವಿದ್ದರೆ ಮೂಗಿಗೆ ಕುದಿಸಿ ಆರಿಸಿದ ನೀರನ್ನು ಬಳಸಬಹುದು. ನೋಂಬಿನ ದಿನ ನೀರು ಒಳಗೆ ಹೋಗದಂತೆ ಹಗುರವಾಗಿ ಮಾಡುತ್ತೇವಲ್ಲ, ಎಲ್ಲ ದಿನವೂ ಹಾಗೆ ಮಾಡಿದರಾಯಿತು.

ಮತ್ತೊಂದು ಪ್ರಶ್ನೆಯೂ ಬಂತು. ಇಷ್ಟು ಜೀವಿಗಳಿರುವ ಹಸಿರು ನೀರಿನಲ್ಲಿ ವುಝೂ ಆಗುತ್ತದೆಯೇ? ನಾನು ಓದಿದ ಶಾಫಿಈ ಫಿಕ್ಹ್ ಪಾಠದಲ್ಲಿ ಪಾಚಿಯಿಂದ ಬಣ್ಣ ಬದಲಾದ ನೀರಿನ ಮಾತು ಬರುತ್ತದೆ. ತಾನಾಗಿ ಬೆಳೆದ ಪಾಚಿಯಿಂದ ನೀರು ಅಶುದ್ಧವಾಗುವುದಿಲ್ಲ. ಆದರೆ ವುಝೂಗೆ ಆಗುವ ನೀರೆಲ್ಲ ಕುಡಿಯಲು ಆಗುತ್ತದೆ ಎಂದಲ್ಲ. ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು ಎಂದೆ. ನನ್ನ ತಮ್ಮ ಕುಡಿದ ಬಾವಿಯ ನೀರು ಯಾವ ಫಿಕ್ಹ್ ಪುಸ್ತಕದ ಪ್ರಕಾರವೂ ಶುದ್ಧವೇ ಆಗಿತ್ತು.

ಯಾರಿಗೆ ಯಾರು ಆಹಾರ

ಹುಡುಗಿ ಈಗ ಭೂತಗನ್ನಡಿ ಹಿಡಿದಿದ್ದಳು. "ಇವುಗಳನ್ನೆಲ್ಲ ಕೊಂದರೆ ಒಳ್ಳೆಯದಲ್ವಾ?" ಎಂದಳು.

ಅವಳಿಗೆ ನೀರುಕಾಗೆಯನ್ನು ತೋರಿಸಿದೆ. ಅದಕ್ಕೆ ಮೀನು ಬೇಕು. ಆ ಮೀನಿಗೆ ಮರಿ ಮೀನು, ಮರಿ ಮೀನಿಗೆ ಡ್ಯಾಫ್ನಿಯಾ ಮತ್ತು ಸೈಕ್ಲೋಪ್ಸ್, ಅವಕ್ಕೆ ಪಾಚಿ ಮತ್ತು ಏಕಕೋಶ ಜೀವಿಗಳು. ಕೊಳಕ್ಕೆ ಬಿದ್ದ ಎಲೆಯನ್ನು ಬ್ಯಾಕ್ಟೀರಿಯಾ ಕೊಳೆಯಿಸುತ್ತದೆ. ಆ ಬ್ಯಾಕ್ಟೀರಿಯಾವನ್ನು ಪ್ಯಾರಮೀಸಿಯಮ್ ತಿನ್ನುತ್ತದೆ. ಎಲೆಯಲ್ಲಿದ್ದ ಸತ್ವ ಹೀಗೆ ಮತ್ತೆ ನೀರಿಗೆ ಸೇರಿ ಪಾಚಿಗೆ ಗೊಬ್ಬರವಾಗುತ್ತದೆ. ಇವೆಲ್ಲ ಇಲ್ಲದಿದ್ದರೆ ಬಿದ್ದ ಎಲೆ ಹಾಗೇ ರಾಶಿ ಬೀಳುತ್ತಿತ್ತು. ಮೀನೂ ಇರುತ್ತಿರಲಿಲ್ಲ, ನೀರುಕಾಗೆಯೂ ಇರುತ್ತಿರಲಿಲ್ಲ.

ಈ ಸರಪಳಿ ಹದ ತಪ್ಪುವುದು ಹೆಚ್ಚಾಗಿ ನಮ್ಮಿಂದಲೇ. ಚರಂಡಿ ನೀರು, ಬಟ್ಟೆ ಒಗೆದ ಸಾಬೂನು ನೀರು, ಹೊಲದ ಗೊಬ್ಬರ ಕೆರೆಗೆ ಸೇರಿದಾಗ ಪಾಚಿ ಅಳತೆ ಮೀರಿ ಬೆಳೆಯುತ್ತದೆ. ಅದು ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ಉಸಿರುಗಟ್ಟಿ ಸಾಯುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ನೆನಪಿರಬಹುದು. ಆಮ್ಲಜನಕ ಕಡಿಮೆಯಾದದ್ದೇ ಅದಕ್ಕೆ ಕಾರಣವೆಂದು ಆಗ ವರದಿಯಾಗಿತ್ತು.

ಹಳೆಯ ಸೀರೆಯ ಕಥೆ

ಸೈಕ್ಲೋಪ್ಸ್ ನೋಡಿದಾಗ ನನಗೆ ನೆನಪಾದದ್ದು ನಾರುಹುಣ್ಣು. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಕೆರೆ, ಮೆಟ್ಟಿಲು ಬಾವಿಗಳ ನೀರು ಕುಡಿಯುವ ಊರುಗಳಲ್ಲಿ ಜನರ ಕಾಲಿನಿಂದ ಉದ್ದದ ಹುಳು ಹೊರಬರುತ್ತಿತ್ತು. ಆ ಹುಳುವಿನ ಮರಿ ಮನುಷ್ಯನ ಹೊಟ್ಟೆ ಸೇರುತ್ತಿದ್ದುದು ಸೈಕ್ಲೋಪ್ಸ್‌ನ ಒಳಗೆ ಕುಳಿತು. ಅದನ್ನು ತಡೆಯಲು ಲಸಿಕೆ ಇರಲಿಲ್ಲ, ಔಷಧವೂ ಇರಲಿಲ್ಲ. ಬಾವಿಗಳನ್ನು ಸರಿಪಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಕಲಿಸಿದರು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಈ ಗೆಲುವಿನಲ್ಲಿ ಕೊಡದ ಬಾಯಿಗೆ ಬಟ್ಟೆ ಕಟ್ಟಿದ ಸಾವಿರಾರು ಹೆಣ್ಣುಮಕ್ಕಳ ಪಾಲಿದೆ.

ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲೂ ಇಂಥದ್ದೇ ನಡೆಯಿತು. ಕಾಲರಾದ ಬ್ಯಾಕ್ಟೀರಿಯಾಗಳು ಸೈಕ್ಲೋಪ್ಸ್‌ನ ಜಾತಿಯ ಪುಟ್ಟ ಜೀವಿಗಳ ಮೈಗೆ ಅಂಟಿಕೊಂಡಿರುತ್ತವೆ ಎಂಬುದನ್ನು ರೀಟಾ ಕೋಲ್ವೆಲ್ ಎಂಬ ವಿಜ್ಞಾನಿ ಅಧ್ಯಯನ ಮಾಡಿದ್ದರು. ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ಸಿಕ್ಕಿಬೀಳದು, ಆದರೆ ಅದನ್ನು ಹೊತ್ತ ಜೀವಿ ಸಿಕ್ಕಿಬೀಳುತ್ತದೆ. 65 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ ಹಳೆಯ ಹತ್ತಿ ಸೀರೆಯನ್ನು ಹಲವು ಪದರಗಳಾಗಿ ಮಡಚಿ ನೀರು ಸೋಸಿದ ಕಡೆ ಕಾಲರಾ ಶೇ. 48ರಷ್ಟು ಇಳಿಯಿತು. ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಒಗೆದು ಒಗೆದು ಮೆತ್ತಗಾದ ಹಳೆಯ ಸೀರೆ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಏಕೆಂದರೆ ಅದರ ನೂಲು ಉಬ್ಬಿ ರಂಧ್ರಗಳು ಕಿರಿದಾಗಿರುತ್ತವೆ. ಕುದಿಸುವುದಕ್ಕೆ ಇದು ಬದಲಿಯಲ್ಲ. ಸೌದೆಯೂ ಇಲ್ಲದ ಮನೆಗೆ ಸಿಕ್ಕಿದ ಆಸರೆ.

ಸಂಜೆ ಕಡಲ ಬಳಿ

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅರ್ಧ ಮಕ್ಕಳ ಡಬ್ಬಿಯಲ್ಲಿ ಹುರಿದ ಬೂತಾಯಿ. "ಇದು ಏನು ತಿಂದು ಬೆಳೆದದ್ದು?" ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಬೂತಾಯಿಯ ಮುಖ್ಯ ಆಹಾರ ಕಡಲಿನಲ್ಲಿ ತೇಲುವ ಡಯಾಟಮ್‌ಗಳು. ಇವು ಗಾಜಿನಂಥ ಚಿಪ್ಪಿರುವ ಏಕಕೋಶದ ಪಾಚಿಗಳು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಕಡಲಿನ ಆಳದ ತಣ್ಣನೆಯ ನೀರು ಸತ್ವವನ್ನು ಹೊತ್ತು ಮೇಲೆ ಬರುತ್ತದೆ. ಅದನ್ನು ಉಂಡು ಡಯಾಟಮ್‌ಗಳು ಹೆಚ್ಚುತ್ತವೆ. ಅವುಗಳ ಹಿಂದೆ ಬೂತಾಯಿ ಬರುತ್ತದೆ, ಬೂತಾಯಿಯ ಹಿಂದೆ ದೋಣಿಗಳು. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧದಷ್ಟು ನಡೆಯುವುದು ಕಾಡಿನಲ್ಲಲ್ಲ, ಕಡಲಿನ ಇಂಥ ಕಣ್ಣಿಗೆ ಕಾಣದ ಹಸಿರಿನಲ್ಲಿ.

ಮರಳುವ ಮುನ್ನ ಪಣಂಬೂರಿನ ಕಡಲ ತೀರದಲ್ಲಿ ಸ್ವಲ್ಪ ಹೊತ್ತು ನಿಂತೆವು. 2020ರ ನವೆಂಬರ್‌ನಲ್ಲಿ ಉಡುಪಿ, ಮಂಗಳೂರು ಕಡೆಯ ಕಡಲಿನಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದು ಜನ ಸಾಲುಗಟ್ಟಿ ನೋಡಲು ಹೋಗಿದ್ದರು. ನಾಕ್ಟಿಲೂಕಾ ಎಂಬ ಏಕಕೋಶ ಜೀವಿ ಲೆಕ್ಕವಿಲ್ಲದಷ್ಟು ಹೆಚ್ಚಿದಾಗ ಹಾಗಾಗುತ್ತದೆ. ಅಲೆ ಕುಲುಕಿದಾಗ ಅದರ ಮೈಯಿಂದ ಬೆಳಕು ಚಿಮ್ಮುತ್ತದೆ. ಅದು ಅತಿಯಾಗಿ ಹೆಚ್ಚಿದರೆ ಮೀನಿಗೆ ಒಳ್ಳೆಯದಲ್ಲ ಎಂಬುದನ್ನೂ ಹೇಳಿದೆ. ಅಂದು ಕಡಲು ಹೊಳೆಯಲಿಲ್ಲ. ಆದರೂ ಮಗ್ರಿಬ್ ಹೊತ್ತಿನ ಆ ಬೆಳಕಿನಲ್ಲಿ ಮಕ್ಕಳು ಅಂಗೈಯಲ್ಲಿ ಉಪ್ಪುನೀರು ಹಿಡಿದು ಬಹಳ ಹೊತ್ತು ದಿಟ್ಟಿಸುತ್ತಿದ್ದರು.

ಬಾಟಲಿ ಹಿಡಿದು ಬಂದ ತಾಯಿ

ಎರಡು ದಿನ ಕಳೆದು ಆ ತಾಯಿ ಮತ್ತೆ ಬಂದರು. ಕೈಯಲ್ಲಿ ಒಂದು ಬಾಟಲಿ.

"ಟೀಚರೇ, ಮಗಳು ಮನೆಯಲ್ಲಿ ಕೂತುಕೊಳ್ಳಲು ಬಿಡುವುದಿಲ್ಲ. ಟ್ಯಾಂಕ್ ತೊಳೆಸಿದಳು. ಇದು ನಮ್ಮ ಬಾವಿಯ ನೀರು. ನಿಮ್ಮ ಕಾಗದದ್ದರಲ್ಲಿ ಒಮ್ಮೆ ನೋಡ್ತೀರಾ?"

ನೋಡಿದೆ. ಏನೂ ಕಾಣಲಿಲ್ಲ. ಅವರ ಮುಖ ಅರಳಿತು. ಆಗ ನಾನು ಹೇಳಲೇಬೇಕಾಯಿತು: ಇದರಲ್ಲಿ ಕಾಣಲಿಲ್ಲವೆಂದರೆ ಕುಡಿಯಲು ಯೋಗ್ಯ ಎಂದು ಅರ್ಥವಲ್ಲ. ವಾಂತಿ ಭೇದಿ ತರುವ ಬ್ಯಾಕ್ಟೀರಿಯಾಗಳು ಈ ಮಸೂರಕ್ಕೆ ನಿಲುಕದಷ್ಟು ಚಿಕ್ಕವು. ಅದನ್ನು ತಿಳಿಯಲು ನೀರನ್ನು ಪರೀಕ್ಷೆಗೆ ಕೊಡಬೇಕು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆಯಿದೆ. ನಿಮ್ಮ ಪಂಚಾಯತಿನಲ್ಲಿ ವಿಚಾರಿಸಿ. ಫಲಿತಾಂಶ ಬರುವವರೆಗೆ, ಬಂದ ಮೇಲೂ, ಮಳೆಗಾಲದಲ್ಲಿ ಕುದಿಸಿಯೇ ಕುಡಿಯಿರಿ.

ಓದುತ್ತಿರುವ ಸಹೋದರಿಯರಿಗೂ ಅದೇ ಮಾತು. ಒಂದು ರಜಾದಿನ ಮಕ್ಕಳನ್ನು ಹತ್ತಿರದ ಕೆರೆಯ ದಡಕ್ಕೆ ಕರೆದುಕೊಂಡು ಹೋಗಿ. ಒಂದು ಗಾಜಿನ ಬಾಟಲಿ, ಒಂದು ಭೂತಗನ್ನಡಿ ಸಾಕು. ನೀರಿಗಿಳಿಯಲು ಬಿಡಬೇಡಿ, ನೋಡಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಸಿ, ಜೀವಿಗಳನ್ನು ತಂದ ಜಾಗಕ್ಕೇ ಬಿಡಲು ಕಲಿಸಿ.

ಆ ತಾಯಿ ಬಾಟಲಿಯ ಮುಚ್ಚಳ ಹಾಕಿಕೊಂಡು ನೇರವಾಗಿ ಪಂಚಾಯತಿನ ಕಡೆ ನಡೆದರು. ಮಗಳು ತರಗತಿಯ ಕಿಟಕಿಯಿಂದ ನೋಡುತ್ತಿದ್ದಳು. ನನಗೆ ನನ್ನ ಉಮ್ಮನ ನೆನಪಾಯಿತು.